ಕಳಿಸದೆ ಉಳಿದ ತಟ್ಟೆ

ಎಪ್ಪತ್ತು ದಾಟಿದ ಹೆಂಗಸೊಬ್ಬಳು ಹಾಡಹಗಲೇ ಓಣಿಯ ನಡುವೆ ನಿಂತು "ಕೈ ತೆಗಿಯೇ! ಮುಖ ಮುಟ್ಕೋಬೇಡ!" ಎಂದು ಕಿರುಚಿದರೆ ಯಾರಾದರೂ ತಿರುಗಿ ನೋಡಿಯೇ ನೋಡುತ್ತಾರೆ. ಮೊನ್ನೆ ಮಂಗಳವಾರ ಹಾಗೆ ಕಿರುಚಿದವಳು ನಾನೇ. ಮೀನು ಮಾರುವವನು ತಕ್ಕಡಿ ಹಿಡಿದ ಕೈಯಲ್ಲೇ ನಿಂತುಬಿಟ್ಟ. ಎದುರುಮನೆಯ ಕಿಟಕಿ ತೆರೆಯಿತು. ನನ್ನ ಮೈದುನನ ಮಗಳು ದುರ್ರಾ ತನ್ನ ಮನೆ ಬಾಗಿಲಲ್ಲಿ, ಏಳು ತಿಂಗಳ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನನ್ನು ಪಿಳಿಪಿಳಿ ನೋಡಿದಳು.

"ಏನಾಯ್ತು ದೊಡ್ಡಮ್ಮಾ? ಜೇನುಹುಳ ಕೂತಿತ್ತಾ?"

"ಹೂಂ. ಹಾರಿಹೋಯ್ತು ಬಿಡು," ಎಂದೆ.

ಡಿಸೆಂಬರ್ ತಿಂಗಳ ಚಳಿಗಾಳಿಯಲ್ಲಿ ಜೇನುಹುಳ! ಸುಳ್ಳು ಹೇಳುವುದಕ್ಕೆ ನನಗೆ ಈ ವಯಸ್ಸಿನಲ್ಲೂ ನಾಚಿಕೆಯಿಲ್ಲ.

ಆದದ್ದು ಇಷ್ಟು. ಮೇಲಿನ ಓಣಿಯ ಯಾರೋ ಓಣಿಯವರೆಲ್ಲ ರೊಟ್ಟಿ ಸುಡಿಸುವ ಖಮೀಸ್ ಕಾಕಾನ ಭಟ್ಟಿಯಲ್ಲಿ ಬೀಟ್‌ರೂಟ್ ಸುಡಿಸಿಕೊಂಡು, ಬಿಸಿ ತಟ್ಟೆಯನ್ನು ತಲೆಯ ಮೇಲೆ ಹೊತ್ತು ನಮ್ಮ ಬಾಗಿಲ ಮುಂದೆಯೇ ಹೋದರು. ಸುಟ್ಟ ಬೀಟ್‌ರೂಟಿನ ಘಮ ಎಂದರೆ ಸಾಮಾನ್ಯವಲ್ಲ. ಅರ್ಧ ಮಣ್ಣು, ಅರ್ಧ ಬೆಲ್ಲ. ದುರ್ರಾ ಮೂಗು ಎತ್ತಿ "ಅಬ್ಬಬ್ಬಾ, ಏನ್ ಘಮ!" ಎಂದಳು. ಹಾಗೆನ್ನುತ್ತಲೇ ಅವಳ ಕೈ ಮೆಲ್ಲಗೆ ಎಡಗೆನ್ನೆಯ ಕಡೆಗೆ ಏಳತೊಡಗಿತು. ಅದೇ ಬಾಗಿಲು, ಅದೇ ಘಮ, ಅದೇ ರೀತಿ ಏಳುತ್ತಿದ್ದ ಕೈ. ಮೂವತ್ತೆರಡು ವರ್ಷದ ಹಿಂದೆ ಅಲ್ಲಿ ಹೀಗೇ ನಿಂತಿದ್ದವಳು ಅವಳ ತಾಯಿ ಸಲೂಹಾ. ಆಗ ದುರ್ರಾ ಹೊಟ್ಟೆಯೊಳಗಿದ್ದಳು.

ನಮ್ಮೂರು ರಾಸ್ ಜೆಬೆಲ್‌ನಲ್ಲಿ ಇದು ಗೊತ್ತಿಲ್ಲದವರಿಲ್ಲ. ಬಸುರಿಯ ಮೂಗಿಗೆ ಯಾವುದಾದರೂ ತಿನಿಸಿನ ಘಮ ಬಿದ್ದರೆ ಅವಳ ಬಾಯಿಗೆ ಅದರ ಒಂದು ತುತ್ತಾದರೂ ಬೀಳಬೇಕು. ಅವಳು ಕೇಳುವ ತನಕ ಕಾಯುವ ಹಾಗಿಲ್ಲ. ಹಗೆಯಿದ್ದರೂ ತಟ್ಟೆ ಹೋಗಬೇಕು. ಹೋಗದಿದ್ದರೆ, ಆ ಬಯಕೆಯ ಹೊತ್ತಿಗೆ ಅವಳು ಮೈಯಲ್ಲಿ ಎಲ್ಲಿ ಮುಟ್ಟಿಕೊಳ್ಳುತ್ತಾಳೋ ಹುಟ್ಟುವ ಮಗುವಿಗೆ ಅಲ್ಲೇ ಮಚ್ಚೆ ಮೂಡುತ್ತದೆ. ಖಮೀಸ್ ಕಾಕಾನ ಬೆನ್ನ ಮೇಲೆ ಅಂಜೂರ ಇದೆ. ಮೀನು ಮಾರುವವನ ಹೆಂಡತಿಯ ತೊಡೆಯ ಮೇಲೆ ಸ್ಟ್ರಾಬೆರಿ ಇದೆಯೆಂದು ಇಡೀ ಓಣಿ ಹೇಳುತ್ತದೆ, ನೋಡಿದವರು ಯಾರು ಅಂತ ಮಾತ್ರ ಯಾರೂ ಹೇಳುವುದಿಲ್ಲ. ದುರ್ರಾಳ ಎಡಗೆನ್ನೆಯಲ್ಲಿ ಕಣ್ಣಿನ ಕೆಳಗಿನಿಂದ ದವಡೆಯ ತನಕ ಬೀಟ್‌ರೂಟ್ ಹಿಂಡಿ ಸುರಿದ ಹಾಗೆ ಕೆಂಪು ಮಚ್ಚೆ ಇದೆ.

ಅದಕ್ಕೆ ಕಾರಣ ನಾನು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನನ್ನ ಗಂಡ ತಯ್ಯಿಬ್ ಮತ್ತು ಅವನ ತಮ್ಮ ಹೇದಿ ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಹಂಚಿಕೊಂಡವರು. ಓಣಿಗೆ ಎರಡು ಬಾಗಿಲು, ನಡುವೆ ಹನ್ನೆರಡು ಹೆಜ್ಜೆ. ಹೇದಿಯ ಹೆಂಡತಿಯಾಗಿ ಸಲೂಹಾ ಮಹ್ದಿಯಾದಿಂದ ಬಂದಳು. ಮಾತು ಅಂದರೆ ಮಾತು, ಒಂದಕ್ಕೆ ನಾಲ್ಕು. ನಾನೂ ಕಡಿಮೆಯವಳಲ್ಲ ಎಂದು ನನ್ನ ಗಂಡನೇ ಹೇಳುತ್ತಿದ್ದ. ವಾರಗಿತ್ತಿಯರು ಜಗಳವಾಡುವುದು ಎಲ್ಲಿಯೂ ಇಲ್ಲದ್ದಲ್ಲ. ಆದರೆ ನಮ್ಮ ಜಗಳ ಹತ್ತಿಕೊಂಡದ್ದು ಒಂದು ಸಲಾಡಿಗೆ.

ನನಗೆ ಹೊಲಿಗೆ ಬರಲಿಲ್ಲ, ಹಾಡು ಬರಲಿಲ್ಲ, ದಿನದ ಕುಸ್ಕುಸ್ ರವೆ ಕೂಡ ಒಮ್ಮೊಮ್ಮೆ ಮುದ್ದೆಯಾಗುತ್ತಿತ್ತು. ನನ್ನದು ಎಂದು ಹೆಸರು ಪಡೆದದ್ದು ಒಂದೇ, ಸುಟ್ಟ ಬೀಟ್‌ರೂಟ್ ಮತ್ತು ಸೋಂಪುಗೆಡ್ಡೆಯ ಸಲಾಡ್. ಬೀಟ್‌ರೂಟನ್ನು ಸಿಪ್ಪೆ ಸಮೇತ ಮಣ್ಣಿನ ತಟ್ಟೆಯಲ್ಲಿಟ್ಟು, ಕಲ್ಲುಪ್ಪು ಉದುರಿಸಿ ಮುಚ್ಚಿ ಭಟ್ಟಿಗೆ ಕಳಿಸುತ್ತಿದ್ದೆ. ಮನೆಯಲ್ಲಿ ಬೇಯಿಸುವವರು ಬೇಯಿಸಲಿ, ನೀರಿನಲ್ಲಿ ಕುದಿಸಿದ ಬೀಟ್‌ರೂಟ್ ಸ್ನಾನ ಮಾಡಿ ಬಂದ ಹಾಗಿರುತ್ತದೆ. ರೊಟ್ಟಿಯೆಲ್ಲ ತೆಗೆದ ಮೇಲೆ ಭಟ್ಟಿಯಲ್ಲಿ ಉಳಿಯುವ ಕಾವಿನಲ್ಲಿ ಅದು ಎರಡು ತಾಸು ಕೂತರೆ, ಸಿಪ್ಪೆ ಹೆಬ್ಬೆರಳಿಗೇ ಸುಲಿದು ಬರುತ್ತದೆ. ಸೋಂಪಿನ ಗಿಡದ ಬುಡದಲ್ಲಿರುವ ಬಿಳಿ ಗೆಡ್ಡೆಯದು ಬೇರೆ ಲೆಕ್ಕ. ಅದು ಹಸಿಯಾಗಿಯೇ ಇರಬೇಕು, ಕಾಗದದಷ್ಟು ತೆಳ್ಳಗೆ ಹೆಚ್ಚಿ ಹಿಮದಂಥ ನೀರಿನಲ್ಲಿ ಬಿಟ್ಟರೆ ಗರಿಗರಿಯಾಗುತ್ತದೆ. ಬೀಟ್‌ರೂಟಿಗೆ ಶಾಹಿ ಜೀರಿಗೆ, ಬೆಳ್ಳುಳ್ಳಿ, ಸ್ವಲ್ಪ ಹರೀಸಾ ಖಾರ. ಸೋಂಪಿಗೆ ಹುಳಿಕಿತ್ತಳೆಯ ರಸ, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಕೆಳಗೆ ಕೆಂಪು, ಮೇಲೆ ಬಿಳಿ, ಅದರ ಮೇಲೆ ಸೋಂಪಿನ ಎಳೆ ಎಲೆ. ತಿನ್ನುವ ಹೊತ್ತಿಗೇ ಜೋಡಿಸಬೇಕು. ಮೊದಲೇ ಜೋಡಿಸಿಟ್ಟರೆ ಬಿಳಿಯೆಲ್ಲ ಕೆಂಪಾಗಿ ತಟ್ಟೆ ನೋಡುವ ಹಾಗಿರುವುದಿಲ್ಲ.

ಮಾವನವರು ಹಜ್ ಮುಗಿಸಿ ಬಂದ ಊಟದಲ್ಲಿ ಹನ್ನೆರಡು ಜನ ಹೆಂಗಸರ ಮುಂದೆ ಸಲೂಹಾ ಬಾಯಿ ಬಿಟ್ಟಳು. "ಅಕ್ಕನ ಸಲಾಡ್ ಚೆನ್ನಾಗೇ ಇದೆ. ನಮ್ಮೂರಲ್ಲಾದ್ರೆ ಸೋಂಪುಗೆಡ್ಡೇನ ಹಿಂಗೆ ಹಸಿಹಸಿ ಹೆಚ್ಚಿ ದನಕ್ಕೆ ಹಾಕ್ತೀವಿ, ಅಷ್ಟೇ ವ್ಯತ್ಯಾಸ."

ಹೆಂಗಸರು ನಕ್ಕರು. ನನ್ನ ಅತ್ತೆಯೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. "ಇವತ್ತಿಂದ ನನ್ನ ಕೈಯಿಂದ ನಿನ್ನ ಬಾಯಿಗೆ ಒಂದು ಅಗುಳೂ ಬೀಳಲ್ಲ, ತಿಳ್ಕೋ," ಎಂದು ಎದ್ದುಬಂದೆ. ಆರು ತಿಂಗಳು ನಾವು ಮಾತಾಡಲಿಲ್ಲ. ಅಷ್ಟರಲ್ಲಿ ಅವಳಿಗೆ ನಾಲ್ಕು ತಿಂಗಳಾಗಿತ್ತು.

ಒಂದು ಡಿಸೆಂಬರ್ ದಿನ ನನ್ನ ಗಂಡ ಗೆಳೆಯರನ್ನು ಊಟಕ್ಕೆ ಕರೆದಿದ್ದ. ನಾನು ಬೀಟ್‌ರೂಟಿನ ತಟ್ಟೆಯನ್ನು ಭಟ್ಟಿಗೆ ಕೊಟ್ಟೆ. ತರಲು ಹೋದಾಗ ಖಮೀಸ್ ಕಾಕಾ ತಟ್ಟೆಯನ್ನು ಸಲಿಕೆಯಿಂದ ಎಳೆದು, ಮುಚ್ಚಳ ಎತ್ತಿ ಮೂಸಿ ನೋಡಿದ.

"ಶಾದ್ಲಿಯಾ, ನಿನ್ನ ಪಕ್ಕದ ಬಾಗಿಲಲ್ಲಿ ಬಸುರಿ ಇದಾಳೆ. ಮೊದಲ ತಟ್ಟೆ ಅಲ್ಲಿಗೆ, ಗೊತ್ತಾಯ್ತಾ?"

"ನನಗೇನು ಹೇಳಿಕೊಡ್ತೀಯಾ ಕಾಕಾ? ನಿನ್ನ ರೊಟ್ಟಿ ಸೀಯ್ತಾ ಇದೆ ನೋಡ್ಕೋ."

ಓಣಿಗೆ ತಿರುಗಿದರೆ ಸಲೂಹಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎಡಗೆನ್ನೆಯ ಮೇಲೆ ಅಂಗೈ. ಘಮ ನನಗಿಂತ ಮುಂಚೆಯೇ ಅವಳನ್ನು ಮುಟ್ಟಿತ್ತು.

"ಅಕ್ಕಾ, ಏನ್ ಘಮ ಅದು," ಎಂದಳು.

ಆರು ತಿಂಗಳ ಮೇಲೆ ಅಕ್ಕಾ ಎಂದಿದ್ದಳು. ಅವಳಂಥವಳು ಇಳಿದು ಬರಬಹುದಾದಷ್ಟು ಇಳಿದು ಬಂದಿದ್ದಳು. ಅದು ನನಗೆ ಆಗಲೇ ಗೊತ್ತಾಯಿತು, ಗೊತ್ತಾಗಲಿಲ್ಲ ಎಂದು ಇವತ್ತು ಹೇಳಿದರೆ ನಾಲಿಗೆ ಬಿದ್ದುಹೋದೀತು.

"ದನದ ಮೇವು ಕಣೇ. ನಿನಗ್ಯಾಕೆ?" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡೆ.

ಅಷ್ಟು ಕೆಟ್ಟವಳೂ ಅಲ್ಲ ನಾನು. ಗಂಡಸರಿಗೆ ಬಡಿಸುವ ಮೊದಲೇ ಅವಳಿಗೆಂದು ಒಂದು ತಟ್ಟೆ ತುಂಬಿದೆ. ಎಲ್ಲರಿಗಿಂತ ಚೆಂದದ ತಟ್ಟೆ, ನಾಲ್ಕು ಆಲಿವ್ ಕಾಯಿಯನ್ನೂ ಇಟ್ಟು, ಬಟ್ಟೆ ಮುಚ್ಚಿ ಗೂಡಿನಲ್ಲಿಟ್ಟೆ. ಅವಳು ಬಾಗಿಲು ತಟ್ಟಲಿ, ಒಂದು ಮಾತು ಕೇಳಲಿ, ಕೊಡುತ್ತೇನೆ ಎಂದುಕೊಂಡೆ. ಕೇಳುವ ತನಕ ಕಾಯಬಾರದು ಎಂಬುದೇ ನಮ್ಮ ಪದ್ಧತಿ, ನಾನು ಕಾಯುತ್ತ ಕೂತೆ. ಎರಡು ಸಲ ಗೋಡೆಗೆ ಕಿವಿಯನ್ನೂ ಕೊಟ್ಟೆ. ಅವಳು ಬರಲಿಲ್ಲ. ಸಂಜೆ ಬಟ್ಟೆ ತೆಗೆದು ನೋಡಿದರೆ ಸೋಂಪಿನ ಒಂದು ಚೂರೂ ಬಿಳಿಯಾಗಿ ಉಳಿದಿರಲಿಲ್ಲ. ಹಟಕ್ಕೆ ನಾನೇ ಅಡುಗೆಮನೆಯಲ್ಲಿ ನಿಂತುಕೊಂಡು ತಿಂದುಬಿಟ್ಟೆ.

ಮೇ ತಿಂಗಳಲ್ಲಿ ಮಗು ಹುಟ್ಟಿತು. ಸೂಲಗಿತ್ತಿ ಮಗುವನ್ನು ಒರೆಸಿ ಬೆಳಕಿಗೆ ಹಿಡಿದು, "ಇದೇನೇ ಸಲೂಹಾ, ಯಾವ ಬಯಕೆ ಉಳಿಸ್ಕೊಂಡಿದ್ದೆ? ಯಾರು ಕೊಡಲಿಲ್ಲ ನಿನಗೆ?" ಎಂದು ಕೋಣೆ ತುಂಬ ಇದ್ದ ಹೆಂಗಸರ ಮುಂದೆಯೇ ಕೇಳಿದಳು. ನಾನು ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿದ್ದೆ. ಸಲೂಹಾ ನನ್ನನ್ನು ನೋಡಿದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಓಣಿಯಲ್ಲಿ ನಾನು ತಲೆಯೆತ್ತಿ ನಡೆಯುವ ಹಾಗಿರಲಿಲ್ಲ.

"ಯಾವ ಬಯಕೆಯೂ ಇರಲಿಲ್ಲ. ನನಗೆ ಎಲ್ಲಾ ಸಿಕ್ಕಿತ್ತು," ಎಂದಳು ಅವಳು.

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಜಗಳವಾಡಿ ಹಗುರಾಗುತ್ತಿದ್ದೆ. ಅವಳು ನನ್ನನ್ನು ಕಾಪಾಡಿದಳು, ಅದನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಅಂದಿನಿಂದ ನಮ್ಮ ಮಾತು ಮತ್ತೆ ಶುರುವಾಯಿತು. ಉಪ್ಪು ಕೊಡು, ಈರುಳ್ಳಿ ಕೊಡು, ಮಳೆ ಬರೋ ಹಾಗಿದೆ, ಇಷ್ಟೇ. ಆ ತಟ್ಟೆಯ ಸುದ್ದಿ ಎತ್ತಲಿಲ್ಲ. ನಾನು ಬೀಟ್‌ರೂಟ್ ತರುವುದನ್ನೇ ಬಿಟ್ಟೆ. ಮಗುವಿಗೆ ಸ್ವೆಟರ್ ಹೆಣೆದೆ, ಶಾಲೆಗೆ ಸೇರಿದಾಗ ಚೀಲ ಕೊಂಡೆ, ಹಬ್ಬಕ್ಕೆ ಜೇನಿನಲ್ಲಿ ಅದ್ದಿದ ತಿಂಡಿ ಡಬ್ಬಿಗಟ್ಟಲೆ ಕಳಿಸಿದೆ, ಎಲ್ಲವನ್ನೂ ಗಂಡನ ಕೈಯಲ್ಲೇ. ಈದ್ ದಿನ ಮಕ್ಕಳೆಲ್ಲ ಸಾಲಾಗಿ ಬಂದಾಗ ದುರ್ರಾಳಿಗೂ ಮುತ್ತು ಕೊಟ್ಟು, ಕೈಗೆ ಮಿಠಾಯಿ ತುರುಕಿ, ಒಲೆ ಮೇಲೆ ಹಾಲಿದೆ ಎಂದು ಒಳಗೆ ಓಡುತ್ತಿದ್ದೆ. ಆ ಮಚ್ಚೆಯನ್ನು ನೋಡಿದರೆ ನನ್ನ ಕೈಬರಹವನ್ನೇ ನೋಡಿದ ಹಾಗಾಗುತ್ತಿತ್ತು.

ಹೋದ ವಸಂತದಲ್ಲಿ ಸಲೂಹಾ ತೀರಿಕೊಂಡಳು. ಕೊನೆಯ ವಾರ ನಾನು ಅವಳ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಹೇಳಬೇಕು ಎಂದು ದಿನವೂ ಬಾಯಿ ತೆರೆದೆ. ಒಂದು ದಿನ ಅವಳು ನಿದ್ದೆಯಲ್ಲಿದ್ದಳು, ಇನ್ನೊಂದು ದಿನ ಯಾರೋ ಬಂದರು. ಗುರುವಾರ ಕಣ್ಣು ಬಿಟ್ಟು "ಅಕ್ಕಾ, ನೀರು," ಎಂದಳು. ನೀರು ಕೊಟ್ಟೆ. ಶುಕ್ರವಾರ ಅವಳಿರಲಿಲ್ಲ.

ಹೀಗಿರುವಾಗ ಮಂಗಳವಾರ ದುರ್ರಾಳ ಕೈ ಕೆನ್ನೆಯ ಕಡೆಗೆ ಎದ್ದದ್ದನ್ನು ಕಂಡು ನನಗೆ ಜೀವ ಬಾಯಿಗೆ ಬಂದದ್ದು ಹೆಚ್ಚೇನಲ್ಲ. ಅವಳು ಬಿಜೆರ್ತೆ ಪಟ್ಟಣದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಂಡ ಅಲ್ಲಿನ ಬಂದರಿನಲ್ಲಿ ದೋಣಿಯ ಇಂಜಿನು ರಿಪೇರಿ ಮಾಡುತ್ತಾನೆ, ಶುಕ್ರವಾರಕ್ಕೆ ಬರುತ್ತಾನೆ. ಹೆರಿಗೆಗೆಂದು ತಾಯಿಯಿಲ್ಲದ ತವರಿಗೆ ಬಂದಿದ್ದಳು, ಅಪ್ಪ ಹೇದಿ ಇಡೀ ದಿನ ಚಹಾದಂಗಡಿಯಲ್ಲಿ ಕೂತಿರುತ್ತಾನೆ. ಅವಳಿಗೆ ಏನು ಬೇಕು ಎಂದು ಕೇಳುವವರು ನನ್ನನ್ನು ಬಿಟ್ಟರೆ ಯಾರಿದ್ದರು?

ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಸಂತೆಗೆ ಓಡಿದೆ.

"ಏನು ಶಾದ್ಲಿಯಾ ಅಮ್ಮಾ, ಬೀಟ್‌ರೂಟಾ?" ತರಕಾರಿಯವನು ಹುಬ್ಬೇರಿಸಿದ. "ಇಪ್ಪತ್ತು ವರ್ಷದಿಂದ ನನ್ನ ಅಂಗಡಿಗೆ ಬರ್ತೀರಿ, ಒಂದು ದಿನ ಮುಟ್ಟಿದ್ದು ನೋಡಿಲ್ಲ."

"ನಿನ್ನ ಬೀಟ್‌ರೂಟ್ ಇವತ್ತು ಮೊದಲನೇ ಸಲ ಸ್ನಾನ ಮಾಡಿದೆ, ಅದಕ್ಕೆ ಮುಟ್ಟಿದೆ. ಸೋಂಪುಗೆಡ್ಡೆ ದುಂಡಗಿರೋದು ಕೊಡು. ಆ ಚಪ್ಪಟೆ ನಾರು ನಿನ್ನ ಅತ್ತೆಗಿಟ್ಕೋ."

ಭಟ್ಟಿಯ ಮುಂದೆ ಈಗ ಖಮೀಸ್ ಕಾಕಾನ ಮಗ ನಿಲ್ಲುತ್ತಾನೆ. ಕಾಕಾ ಎಂಬತ್ತೈದರವನು, ಕಾವಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ತೂಕಡಿಸುತ್ತಾನೆ. ಮೊಮ್ಮಕ್ಕಳ ಹೆಸರು ಅವನಿಗೆ ನೆನಪಿಲ್ಲ, ಊಟ ಮಾಡಿದೆನಾ ಎಂದು ಅವನೇ ಕೇಳುತ್ತಾನೆ. ಎರಡು ತಾಸು ಅವನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ. ಮಗ ತಟ್ಟೆಯನ್ನು ಹೊರಗೆಳೆದ ಕೂಡಲೆ ಮುದುಕ ಕಣ್ಣು ಬಿಟ್ಟು, ಮೂಗು ಅರಳಿಸಿ, ನನ್ನ ಮುಖ ನೋಡಿದ.

"ಈ ಸಲ ಮರೀಬೇಡ," ಎಂದ.

ಅಷ್ಟು ವರ್ಷ ಅವನಿಗೂ ಗೊತ್ತಿತ್ತು. ದಿನವೂ ಅವನ ಮುಂದೆ ರೊಟ್ಟಿ ಹಿಡಿದು ನಡೆದಿದ್ದೆನಲ್ಲ ನಾನು! ತಟ್ಟೆ ಎತ್ತಿಕೊಂಡು ಬಂದೆ.

ಸಿಪ್ಪೆ ಸುಲಿದೆ. ಬೆರಳೆಲ್ಲ ಕೆಂಪಾಯಿತು. ಸೋಂಪು ಹೆಚ್ಚುವ ಅವಸರಕ್ಕೆ ಕೆಲವು ಚೂರು ದಪ್ಪವಾದವು, ಅವನ್ನು ಬೇರೆ ತೆಗೆದಿಟ್ಟೆ. ಕೆಳಗೆ ಕೆಂಪು, ಮೇಲೆ ಬಿಳಿ, ಎಳೆ ಎಲೆ, ನಾಲ್ಕು ಆಲಿವ್. ಆಗಿನದೇ ತಟ್ಟೆ, ಅಂಚಿನಲ್ಲಿ ನೀಲಿ ಮೀನು ಬರೆದದ್ದು. ಮುಚ್ಚುವುದಕ್ಕೂ ನಿಲ್ಲದೆ ಹನ್ನೆರಡು ಹೆಜ್ಜೆ ನಡೆದೆ. ಮೂವತ್ತೆರಡು ವರ್ಷ ಆ ತಟ್ಟೆ ಹಿಡಿದು ನಡೆಯಲಾಗದ ಹನ್ನೆರಡು ಹೆಜ್ಜೆ.

"ಅಯ್ಯೋ ದೊಡ್ಡಮ್ಮಾ!" ದುರ್ರಾ ತಟ್ಟೆ ನೋಡಿ ಚಪ್ಪಾಳೆ ತಟ್ಟಿದಳು. "ಜೇನುಹುಳದ ಕಥೆ ಈಗ ಗೊತ್ತಾಯ್ತು. ನಾನು ಮೂಸಿದ್ದು ನೋಡಿಬಿಟ್ರಾ?"

"ಮೊದಲು ತಿನ್ನು. ಮಾತು ಆಮೇಲೆ. ಬಾಯಿಗೆ ಹಾಕ್ಕೋ."

ಅವಳು ತಿಂದಳು. ಮೊದಲ ತುತ್ತಿಗೆ ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ರೊಟ್ಟಿ ಮುರಿದು ಎಣ್ಣೆ ಒರೆಸಿದಳು. ಅವಳು ತಿನ್ನುವುದನ್ನು ನೋಡುತ್ತಲೇ ನನ್ನ ಬಾಯಿ ತೆರೆಯಿತು. ಗೋಡೆ, ಜಗಳ, ದನದ ಮೇವು, ಚಿಲಕ, ಗೂಡಿನಲ್ಲಿಟ್ಟ ತಟ್ಟೆ, ಸೂಲಗಿತ್ತಿ, ಒಂದನ್ನೂ ಬಿಡದೆ ಹೇಳಿದೆ. ಮುಗಿಸುವ ಹೊತ್ತಿಗೆ ನಾನು ಅಳುತ್ತಿದ್ದೆ.

"ನಿನ್ನ ಮುಖ ಹೀಗಾಗಿದ್ದು ನನ್ನಿಂದ ಕಣೇ. ನಾನು ಮಾಡಿದ್ದು."

ದುರ್ರಾ ಬಾಯಲ್ಲಿದ್ದ ತುತ್ತನ್ನು ನುಂಗಿದಳು. ಆಮೇಲೆ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು.

"ದೊಡ್ಡಮ್ಮಾ, ಇದು ರಕ್ತನಾಳ. ಚರ್ಮದ ಕೆಳಗೆ ಒಂದಿಷ್ಟು ನಾಳ ಹಿಗ್ಗಿರುತ್ತೆ, ಅಷ್ಟೇ. ಬೀಟ್‌ರೂಟೂ ಅಲ್ಲ, ದಾಳಿಂಬೆಯೂ ಅಲ್ಲ. ಬಯಸಿದ್ದೆಲ್ಲಾ ಮೂಡೋ ಹಾಗಿದ್ರೆ ನನ್ನ ಮಗು ಮೈತುಂಬಾ ಹುರಿದ ಮೀನಾಗೇ ಹುಟ್ಟಬೇಕು."

"ನಿಜವಾಗ್ಲೂ?"

"ಡಾಕ್ಟ್ರು ನಾನು ಚಿಕ್ಕವಳಿದ್ದಾಗಲೇ ಹೇಳಿದ್ರು. ಅಮ್ಮನಿಗೂ ಗೊತ್ತಿತ್ತು."

ನನ್ನ ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿದ ಹಾಗಾಯಿತು. ಕಣ್ಣು ಒರೆಸಿಕೊಂಡು ನಾನೂ ನಕ್ಕೆ. ಆ ಹಗುರ ಬಹಳ ಹೊತ್ತು ಉಳಿಯಲಿಲ್ಲ. ದುರ್ರಾ ಚಮಚ ಕೆಳಗಿಟ್ಟು ಏನೋ ಯೋಚಿಸುತ್ತಿದ್ದಳು.

"ಹಾಗಾದ್ರೆ ಅದಕ್ಕೇನಾ?" ಎಂದಳು.

"ಯಾವುದಕ್ಕೆ?"

"ಒಂದೇ ಮುತ್ತು ಕೊಡ್ತಿದ್ದಿದ್ದು. ಈದ್ ದಿನ ಎಲ್ಲಾ ಮಕ್ಕಳಿಗೂ ಎರಡೂ ಕೆನ್ನೆಗೆ ಕೊಡ್ತಿದ್ರಿ. ನನಗೆ ಮಾತ್ರ ಬಲಗೆನ್ನೆಗೆ ಒಂದು."

ನಾನು ಬೆಚ್ಚಿಬಿದ್ದೆ. ಅದನ್ನು ಲೆಕ್ಕ ಇಟ್ಟವರು ಇದ್ದಾರೆ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ಸಾಲಲ್ಲಿ ನಿಂತ್ಕೊಂಡು ಎಣಿಸ್ತಿದ್ದೆ ದೊಡ್ಡಮ್ಮಾ," ಎಂದಳು, ಸಿಟ್ಟಿಲ್ಲದೆ, ಯಾವುದೋ ಬೇರೆ ಮಗುವಿನ ಕಥೆ ಹೇಳುವ ಹಾಗೆ. "ಏಳು ವರ್ಷದವಳಿದ್ದಾಗ ಒಂದು ಸಲ ಅಮ್ಮನ ಪೌಡರ್ ಪೂರ್ತಿ ಎಡಗೆನ್ನೆಗೆ ಬಳ್ಕೊಂಡು ಬಂದಿದ್ದೆ. ಆಗಲೂ ಒಂದೇ. ಶಾಲೇಲಿ ಯಾರಾದ್ರೂ ಅಣಕಿಸಿದ್ರೆ ಹಿಡಿದು ಬಡೀತಿದ್ದೆ. ನಿಮ್ಮನ್ನ ಹೇಗೆ ಬಡೀಲಿ? ಸ್ವೆಟರ್ ಬೇರೆ ಹೆಣೆದು ಕಳಿಸ್ತಿದ್ರಿ."

"ಅಮ್ಮನಿಗೆ ಹೇಳಿದ್ಯಾ?"

"ದೊಡ್ಡಮ್ಮನಿಗೆ ನನ್ನ ಮುಖ ಕಂಡ್ರೆ ಅಸಹ್ಯಾನಾ ಅಂತ ಕೇಳಿದ್ದೆ. ಛೇ, ದೊಡ್ಡಮ್ಮಂಗೆ ಯಾವಾಗ್ಲೂ ಅವಸರ, ಒಲೆ ಮೇಲೆ ಹಾಲಿರುತ್ತೆ ಅಂದ್ಳು."

ಸಲೂಹಾ ಮತ್ತೊಮ್ಮೆ ನನ್ನನ್ನು ಕಾಪಾಡಿದ್ದಳು. ತನ್ನ ಮಗಳಿಗೆ ನನ್ನ ಬಗ್ಗೆ ಒಂದು ಕೆಟ್ಟ ಮಾತನ್ನೂ ಹೇಳದೆ, ನನ್ನ ಸುಳ್ಳನ್ನೇ ಎತ್ತಿಕೊಂಡು ಮಗಳಿಗೆ ಕೊಟ್ಟಿದ್ದಳು. ನಾನು ಮಾಡಿದ್ದೇನೆಂದು ಮೂವತ್ತೆರಡು ವರ್ಷ ಅತ್ತದ್ದನ್ನು ನಾನು ಮಾಡಿಯೇ ಇರಲಿಲ್ಲ. ಮಾಡಿದ್ದು ಬೇರೆಯೇ ಇತ್ತು, ಅದಕ್ಕೆ ಒಂದು ದಿನವೂ ಅತ್ತಿರಲಿಲ್ಲ. ಕೊಡದ ತಟ್ಟೆಯನ್ನು ಇವತ್ತು ತಂದುಕೊಟ್ಟೆ. ಸಾಲಿನಲ್ಲಿ ಪೌಡರ್ ಬಳಿದುಕೊಂಡು ನಿಂತ ಆ ಏಳು ವರ್ಷದವಳಿಗೆ ಏನು ತಂದುಕೊಡಲಿ?

"ಮುಖ ನೋಡೋಕೆ ಧೈರ್ಯ ಇರಲಿಲ್ಲ ಕಣಮ್ಮಾ," ಎಂದೆ. "ನಿನ್ನ ಮುಖ ಕೆಟ್ಟದು ಅಂತಲ್ಲ. ನನ್ನ ಬುದ್ಧಿ ಕೆಟ್ಟದು ಅಂತ."

"ಬಿಡಿ ದೊಡ್ಡಮ್ಮಾ, ಹಳೇ ಮಾತು. ಇನ್ನು ಸ್ವಲ್ಪ ಇದ್ಯಾ? ಅಮ್ಮ ಯಾವಾಗ್ಲೂ ಅನ್ನೋಳು, ಈ ಸಲಾಡ್ ಮಾಡೋದಿದ್ರೆ ಶಾದ್ಲಿಯಾ ಅಕ್ಕನೇ ಮಾಡ್ಬೇಕು ಅಂತ."

ಉಳಿದದ್ದನ್ನು ತಂದು ಬಡಿಸಿದೆ. ದಪ್ಪ ಚೂರುಗಳನ್ನೂ ಬಿಡದೆ ತಿಂದಳು. ತಟ್ಟೆ ಖಾಲಿ ಹೋಗಬಾರದೆಂದು ಎರಡು ಕಿತ್ತಳೆ ಇಟ್ಟುಕೊಟ್ಟಳು. ಬಾಗಿಲ ತನಕ ಬಂದಳು.

ಅಲ್ಲಿ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಕೆಂಪಾದ ನನ್ನ ಎರಡೂ ಕೈಗಳಲ್ಲಿ ಅವಳ ಮುಖ ಹಿಡಿದೆ. ಆ ಮಚ್ಚೆಯನ್ನು ಮೊದಲ ಸಲ ಹತ್ತಿರದಿಂದ, ಕಣ್ಣು ತಿರುಗಿಸದೆ ನೋಡಿದೆ. ದವಡೆಯ ಹತ್ತಿರ ಅದರ ಅಂಚು ತಿಳಿಯಾಗಿ ಮುಗಿಯುತ್ತದೆ, ನನಗೆ ಗೊತ್ತೇ ಇರಲಿಲ್ಲ. ಮುತ್ತು ಕೊಡಲು ಎಡಗೆನ್ನೆಯ ಕಡೆಗೆ ಬಾಗಿದೆ.

ದುರ್ರಾ ನಗುತ್ತಲೇ ಮುಖ ತಿರುಗಿಸಿ ಬಲಗೆನ್ನೆ ಕೊಟ್ಟಳು.

ನನ್ನ ತುಟಿ ಅಲ್ಲೇ ಬಿತ್ತು. ಅವಳು ಬೇಕೆಂದು ತಿರುಗಿಸಿದ್ದಲ್ಲ. ತಿರುಗಿಸಿದ್ದು ಅವಳಿಗೆ ಗೊತ್ತೂ ಆಗಲಿಲ್ಲ. "ನಾಳೆನೂ ಮಾಡಿ ದೊಡ್ಡಮ್ಮಾ, ಸೋಂಪು ಜಾಸ್ತಿ ಹಾಕಿ," ಎಂದು ಕಿತ್ತಳೆಯ ತಟ್ಟೆಯನ್ನು ಎತ್ತಿ ನನ್ನ ಕೈಗಿಟ್ಟು ಒಳಗೆ ಹೋದಳು. ನಾನು ಕಲಿಸಿದ್ದನ್ನು ಚೆನ್ನಾಗಿ ಕಲಿತಿದ್ದಳು.